ಕಥಾನಾಯಕನ ಪಾಪ

ಒಂದು ಕಾದಂಬರಿಯನ್ನು ತೆರೆಗೆ ತರುವಾಗ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬುದು ಮೇಲುನೋಟಕ್ಕೆ ಕಸುಬಿನ ಪ್ರಶ್ನೆ. ಮುನ್ನೂರು ಪುಟದ ಕಥೆಯನ್ನು ಎರಡು ಗಂಟೆಯ ಚಿತ್ರಕ್ಕೆ ಇಳಿಸಬೇಕಾದವನು ಕತ್ತರಿ ಹಿಡಿಯಲೇಬೇಕು; ಹಿಡಿದನೆಂದು ಅವನನ್ನು ದೂರುವುದು ಅರಸಿಕತನ. ಆದರೆ ಆ ಕಾದಂಬರಿ ಎಳೆಯರಿಗಾಗಿ ಬರೆದದ್ದಾಗಿ, ಅದರಲ್ಲಿ ನಮ್ಮ ಪ್ರೀತಿಗೆ ಪಾತ್ರರಾಗುವವರು ಚರಿತ್ರೆಯಲ್ಲಿ ನಿಜವಾಗಿಯೂ ಮನುಷ್ಯರನ್ನು ಹಿಡಿದು ಮಾರಿದ ಜನವಾಗಿದ್ದರೆ, ಪ್ರಶ್ನೆ ಕಸುಬನ್ನು ದಾಟಿ ನೀತಿಯ ಅಂಗಳಕ್ಕೆ ಬಂದು ನಿಲ್ಲುತ್ತದೆ. ವೈಕಿಂಗರ ಕಾಲದ ಕಥೆಗಳನ್ನು ತೆರೆಗೆ ತಂದ ಪ್ರಯತ್ನಗಳನ್ನು ಕಂಡಾಗಲೆಲ್ಲ ಈ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನಗೆ ಅನ್ನಿಸಿದೆ. ಇವು ಈಗ ನಮಗೆ ದೂರದ ಸಂಗತಿಗಳೂ ಅಲ್ಲ. ಪರೀಕ್ಷೆ ಮುಗಿಸಿದ ಹುಡುಗರು ನಮ್ಮ ನಡುಮನೆಗಳಲ್ಲಿಯೇ ಕುಳಿತು ಈ ಕಡಲವೀರರ ಧಾರಾವಾಹಿಗಳನ್ನು ನಡುರಾತ್ರಿಯವರೆಗೆ ನೋಡುತ್ತಾರೆ. ಬೆಳಗ್ಗೆ ಎದ್ದು ಅವರ ಹೆಸರುಗಳನ್ನು ನೆಂಟರ ಹೆಸರುಗಳಂತೆ ಹೇಳುತ್ತಾರೆ.

ವೈಕಿಂಗ್ ಎಂದೊಡನೆ ಕಣ್ಣಿಗೆ ಕಟ್ಟುವುದು ಕೋಡುಳ್ಳ ಶಿರಸ್ತ್ರಾಣ. ಅದು ಅವರದಲ್ಲ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರನ ಸಂಗೀತನಾಟಕಗಳನ್ನು ಆಡಿದಾಗ ಕಾರ್ಲ್ ಎಮಿಲ್ ಡೋಪ್ಲರ್ ಎಂಬ ಕಲಾವಿದ ವೇಷಗಳಿಗೆ ಕೋಡುಗಳನ್ನು ಸೇರಿಸಿದ. ಅಲ್ಲಿಂದ ಅವು ಲೋಕದ ತಲೆಗೇರಿದವು. 1943ರಲ್ಲಿ ನಾರ್ವೆಯ ಒಂದು ಹೊಲದಲ್ಲಿ ಸಿಕ್ಕಿದ ನಿಜವಾದ ಶಿರಸ್ತ್ರಾಣಕ್ಕೆ ಕಣ್ಣಿನ ಸುತ್ತ ಕನ್ನಡಕದಂಥ ಕಾಪು ಇದೆ, ಕೋಡಿಲ್ಲ. ಇಂದಿನ ಚಿತ್ರ ನಿರ್ಮಾಪಕರು ಇಂಥ ವಿಷಯಗಳಲ್ಲಿ ಬಹಳ ಎಚ್ಚರದವರು. 2022ರ ‘ದಿ ನಾರ್ತ್‌ಮನ್’ ಚಿತ್ರಕ್ಕೆ ನೀಲ್ ಪ್ರೈಸ್‌ರಂಥ ಪ್ರಾಕ್ತನ ವಿದ್ವಾಂಸರೇ ಸಲಹೆಗಾರರು. ಹೊಲಿಗೆ, ಬೀಗ, ಹಲಗೆ ಎಲ್ಲವೂ ಆ ಕಾಲಕ್ಕೆ ಒಪ್ಪುವಂತೆ ಇರಬೇಕೆಂಬ ಹಟ. ಈ ಶ್ರದ್ಧೆಗೆ ನನ್ನ ನಮಸ್ಕಾರ ಉಂಟು. ಆದರೆ ಬಟ್ಟೆಯ ಹೊಲಿಗೆ ಸರಿಯಾದರೆ ಚರಿತ್ರೆ ಸರಿಯಾಯಿತು ಎಂದು ನಂಬುವವರ ಸಂಖ್ಯೆಯೂ ಇದರ ಜೊತೆಗೆ ಬೆಳೆದಿದೆ. ಕೋಡು ತೆಗೆಯುವುದು ಸುಲಭ. ಕೋಡಿನ ಕೆಳಗಿದ್ದ ತಲೆ ಏನು ಮಾಡಿತು ಎಂದು ಹೇಳುವುದು ಕಷ್ಟ.

ಅದು ಮಾಡಿದ್ದೇನು? 793ರಲ್ಲಿ ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ಮಠದ ಮೇಲೆ ಬಿದ್ದ ದಾಳಿಯಿಂದ 1066ರವರೆಗೆ ಎಂದು ಸಾಧಾರಣವಾಗಿ ಈ ಯುಗವನ್ನು ಎಣಿಸುತ್ತಾರೆ. ಈ ಮುನ್ನೂರು ವರ್ಷಗಳಲ್ಲಿ ಉತ್ತರದವರು ಅದ್ಭುತವಾದ ಹಡಗುಗಳನ್ನು ಕಟ್ಟಿದರು, ಐಸ್‌ಲೆಂಡ್, ಗ್ರೀನ್‌ಲೆಂಡ್‌ಗಳಲ್ಲಿ ನೆಲೆಸಿದರು, ಅಮೆರಿಕದ ದಡ ಮುಟ್ಟಿದರು, ರಷ್ಯದ ನದಿಗಳಲ್ಲಿ ಇಳಿದು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗೆ ಮೈಗಾವಲಿನವರಾದರು. ಇದೆಲ್ಲ ದಿಟ. ಇದರ ಮಗ್ಗುಲಲ್ಲೇ ಇನ್ನೊಂದು ದಿಟವಿದೆ. 841ರಲ್ಲಿ ಹಡಗುಗಳ ತಂಗುದಾಣವಾಗಿ ಅವರು ಕಟ್ಟಿದ ಡಬ್ಲಿನ್ ಬಲುಬೇಗ ಮನುಷ್ಯರನ್ನು ಮಾರುವ ಸಂತೆಯಾಯಿತು. 870ರಲ್ಲಿ ಓಲಾಫ್ ಮತ್ತು ಈವಾರ್ ಎಂಬ ಇಬ್ಬರು ದೊರೆಗಳು ಸ್ಕಾಟ್‌ಲೆಂಡಿನ ಡಂಬಾರ್ಟನ್ ಬಂಡೆಕೋಟೆಗೆ ನಾಲ್ಕು ತಿಂಗಳು ಮುತ್ತಿಗೆ ಹಾಕಿ ಹಿಡಿದರು. ಮರುವರ್ಷ ಇನ್ನೂರು ಹಡಗುಗಳಲ್ಲಿ ಆಂಗ್ಲರು, ಬ್ರಿಟನ್ನರು, ಪಿಕ್ಟರು ಎಂಬ ಭೇದವಿಲ್ಲದೆ ಸೆರೆಯಾದವರನ್ನು ತುಂಬಿಕೊಂಡು ಡಬ್ಲಿನ್ನಿಗೆ ಮರಳಿದರೆಂದು ಐರ್ಲೆಂಡಿನ ವಾರ್ಷಿಕ ವೃತ್ತಾಂತಗಳು ಬರೆದಿಟ್ಟಿವೆ. ಬಿರ್ಕಾ, ಹೆಡೆಬಿ, ಡಬ್ಲಿನ್‌ಗಳ ನೆಲದಲ್ಲಿ ಕಬ್ಬಿಣದ ಸಂಕೋಲೆಗಳು ಸಿಕ್ಕಿವೆ. ಹಡಗುಗಳಷ್ಟು ನೋಡಲು ಚೆಂದವಲ್ಲವಾದ್ದರಿಂದ ಅವುಗಳ ಚಿತ್ರಗಳು ಮಕ್ಕಳ ಪುಸ್ತಕಗಳ ಹೊದಿಕೆಯ ಮೇಲೆ ಬರುವುದಿಲ್ಲ.

ಹೆಸರಿಲ್ಲದೆ ಹೋದ ಈ ಜನ ಇನ್ನೊಂದು ಕಡೆ ಗುರುತು ಬಿಟ್ಟುಹೋಗಿದ್ದಾರೆ. ಐಸ್‌ಲೆಂಡಿನ ಜನರ ರಕ್ತವನ್ನು ಪರೀಕ್ಷಿಸಿದ ಆನುವಂಶಿಕ ವಿಜ್ಞಾನಿಗಳು, ಮೊದಲ ನೆಲಸಿಗರಲ್ಲಿ ಗಂಡಸರು ಹೆಚ್ಚಾಗಿ ಸ್ಕ್ಯಾಂಡಿನೇವಿಯದವರೆಂದೂ, ತಾಯಿಯ ಕಡೆಯ ಎಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆಯವೆಂದೂ ಕಂಡಿದ್ದಾರೆ. ಆ ಹೆಂಗಸರೆಲ್ಲರೂ ತೊತ್ತುಗಳಾಗಿಯೇ ಬಂದರೆಂದಲ್ಲ. ಒಪ್ಪಿ ಮದುವೆಯಾಗಿ ಬಂದವರೂ ಇದ್ದಿರಬೇಕು. ಆದರೂ ಈ ಒಂದು ಲೆಕ್ಕ ಎಷ್ಟೋ ವೀರಗಾಥೆಗಳು ಬಾಯಿಬಿಡದೆ ಇರುವುದನ್ನು ಹೇಳಿಬಿಡುತ್ತದೆ.

ಇನ್ನು ಕಾದಂಬರಿಗೆ ಬರುತ್ತೇನೆ. ಎಳೆಯರಿಗಾಗಿ ಚಾರಿತ್ರಿಕ ಕಾದಂಬರಿ ಬರೆದ ಇಂಗ್ಲಿಷ್ ಲೇಖಕರಲ್ಲಿ ರೋಸ್‌ಮೆರಿ ಸಟ್‌ಕ್ಲಿಫ್ ಅವರಿಗೆ ಸಮನಾದವರು ಕಡಿಮೆ. 1920ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಈಕೆ ಎಳವೆಯಲ್ಲೇ ಕೀಲುಗಳ ಬೇನೆಗೆ ಸಿಕ್ಕಿ ಬಾಳಿನ ಬಹುಭಾಗವನ್ನು ಗಾಲಿಕುರ್ಚಿಯಲ್ಲಿ ಕಳೆದವರು; ಮೊದಲು ಕಲಿತದ್ದು ಕಿರುಚಿತ್ರಗಳನ್ನು ಬರೆಯುವ ಕಲೆ. ನಡೆಯಲಾರದ ಈ ಹೆಂಗಸು ಬರೆದ ಕಥೆಗಳಲ್ಲಿ ಜನ ನಡೆಯುವಷ್ಟು ದೂರ ಬೇರೆಯವರ ಕಥೆಗಳಲ್ಲಿ ನಡೆಯುವುದಿಲ್ಲ. 1976ರಲ್ಲಿ ಪ್ರಕಟವಾದ ‘ಬ್ಲಡ್ ಫ್ಯೂಡ್’, ನಮ್ಮ ಮಾತಿನಲ್ಲಿ ‘ನೆತ್ತರ ಹಗೆ’, ಅವರ ವೈಕಿಂಗ್ ಕಾಲದ ಕಾದಂಬರಿ. ಜೆಸ್ಟಿನ್ ಎಂಬ ಹುಡುಗ ಇಂಗ್ಲೆಂಡಿನ ಕಡಲ ತೀರದಲ್ಲಿ ದಾಳಿಕೋರರ ಕೈಗೆ ಸಿಕ್ಕಿ ಡಬ್ಲಿನ್ನಿನ ಸಂತೆಯಲ್ಲಿ ಮಾರಾಟವಾಗುತ್ತಾನೆ. ಕೊಂಡವನು ಥಾರ್ಮಾಡ್, ತಾನೂ ಇನ್ನೂ ಎಳೆಯ. ಜೆಸ್ಟಿನ್ ಅವನ ಪ್ರಾಣ ಉಳಿಸುತ್ತಾನೆ, ಥಾರ್ಮಾಡ್ ಅವನಿಗೆ ಬಿಡುಗಡೆ ಕೊಡುತ್ತಾನೆ, ಇಬ್ಬರೂ ಒಡಹುಟ್ಟಿದವರಂತಾಗುತ್ತಾರೆ. ಊರು ಸೇರಿದರೆ ಥಾರ್ಮಾಡನ ತಂದೆ ಕೊಲೆಯಾಗಿದ್ದಾನೆ. ಅಲ್ಲಿಂದ ಹಗೆಯ ಬೆನ್ನು ಹತ್ತಿ ಕೀವ್ ಮಾರ್ಗವಾಗಿ ಕಾನ್‌ಸ್ಟಾಂಟಿನೋಪಲ್‌ಗೆ, ಎರಡನೆಯ ಬೇಸಿಲ್ ಚಕ್ರವರ್ತಿಯ ಸೈನ್ಯಕ್ಕೆ. ಇದನ್ನೆಲ್ಲ ಹೇಳುವವನು ಜೆಸ್ಟಿನ್ನನೇ, ವಯಸ್ಸಾದ ಮೇಲೆ, ಆ ಪರನಗರದಲ್ಲಿ ವೈದ್ಯನಾಗಿ ಕುಳಿತು.

ಈ ಕಥೆಯ ತಿರುಳು ಒಂದು ಮುಜುಗರದ ಮೇಲೆ ನಿಂತಿದೆ. ಥಾರ್ಮಾಡನನ್ನು ಓದುಗ ಪ್ರೀತಿಸುತ್ತಾನೆ, ಪ್ರೀತಿಸದೆ ಇರಲಾರ. ಆದರೆ ಆ ಗೆಳೆತನದ ಮೊದಲ ದಿನ ಒಬ್ಬ ಹಣ ಕೊಟ್ಟ, ಇನ್ನೊಬ್ಬ ಸರಕಾಗಿದ್ದ. ಬಿಡುಗಡೆ ಬಂದದ್ದೂ ನಿಜ, ಬಂದವನು ಕೊಂಡ ಮಾಲಾಗಿದ್ದದ್ದೂ ನಿಜ. ಕಾದಂಬರಿ ಎರಡನ್ನೂ ಎಳೆಯ ಓದುಗನ ಕೈಗೆ ಕೊಡುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಬೆನ್ನ ಹಿಂದೆ ಬಚ್ಚಿಡುವುದಿಲ್ಲ.

1990ರಲ್ಲಿ ಇದು ಬ್ರಿಟನ್ನಿನಲ್ಲಿ ಮಕ್ಕಳ ದೂರದರ್ಶನ ಧಾರಾವಾಹಿಯಾಗಿ ಬಂದಿತು. ಹೆಸರು ‘ಸೀ ಡ್ರ್ಯಾಗನ್’, ಕಡಲ ಡ್ರ್ಯಾಗನ್. ಆ ಧಾರಾವಾಹಿಯ ಗುಣದೋಷ ವಿಚಾರ ನನ್ನ ಉದ್ದೇಶವಲ್ಲ. ಹೆಸರಿನ ಈ ಬದಲಾವಣೆಯಷ್ಟನ್ನೇ ಎತ್ತಿಕೊಳ್ಳುತ್ತೇನೆ. ‘ನೆತ್ತರ ಹಗೆ’ ಎಂಬುದು ಇಬ್ಬರು ಮನುಷ್ಯರ ನಡುವಿನ ಋಣದ ಹೆಸರು. ಅದನ್ನು ಕೇಳಿದೊಡನೆ ಯಾರು ಯಾರಿಗೆ ಏನು ಮಾಡಿದರು ಎಂಬ ಪ್ರಶ್ನೆ ಹುಟ್ಟುತ್ತದೆ. ‘ಕಡಲ ಡ್ರ್ಯಾಗನ್’ ಎಂದರೆ ಕಣ್ಣಿಗೆ ಬರುವುದು ಹಡಗು, ಅದರ ಮುಂಬದಿಯ ಕೆತ್ತನೆಯ ಮೃಗಮುಖ, ಉಬ್ಬಿದ ಹಾಯಿ. ಪುಸ್ತಕದಿಂದ ತೆರೆಗೆ ಹೋಗುವ ದಾರಿಯಲ್ಲಿ ಮೊದಲು ಜಾರಿಬೀಳುವುದು ಋಣ, ಕೊನೆಯವರೆಗೂ ಉಳಿಯುವುದು ಹಡಗು. ತೆರೆಯ ಸ್ವಭಾವವೇ ಹಾಗೆ. ಅದಕ್ಕೆ ತೋರಿಸಲು ಏನಾದರೂ ಬೇಕು.

ಇಲ್ಲಿ ನಮ್ಮ ಕಾವ್ಯಮೀಮಾಂಸಕರ ಮಾತು ನೆನಪಾಗುತ್ತದೆ. ಡಬ್ಲಿನ್ನಿಗೆ ಆ ಇನ್ನೂರು ಹಡಗುಗಳು ಬಂದ ಶತಮಾನದಲ್ಲೇ ಕಾಶ್ಮೀರದಲ್ಲಿ ಆನಂದವರ್ಧನ ಇದೇ ಪ್ರಶ್ನೆಯನ್ನು ಎತ್ತಿದ್ದ: ಇತಿಹಾಸದಿಂದ ಕಥೆ ತೆಗೆದುಕೊಂಡ ಕವಿ, ರಸಕ್ಕೆ ಒಗ್ಗದ ಸನ್ನಿವೇಶವೊಂದು ಅದರಲ್ಲಿದ್ದರೆ ಏನು ಮಾಡಬೇಕು? ಬಿಟ್ಟುಬಿಡಬಹುದು, ಬೇಕಾದರೆ ಬೇರೊಂದನ್ನು ಕಲ್ಪಿಸಿಕೊಳ್ಳಬಹುದು ಎಂದು ಅವನ ತೀರ್ಪು. ಇದ್ದ ಕಥೆಯನ್ನು ಇದ್ದಂತೆ ಒಪ್ಪಿಸುವುದು ಕವಿಯ ಕೆಲಸವಲ್ಲ, ಅದಕ್ಕೆ ಇತಿಹಾಸವೇ ಇದೆ. ಆಮೇಲೆ ಬಂದ ಕುಂತಕನಂತೂ ಇಂಥ ಬದಲಾವಣೆಗಳನ್ನು ಕವಿಯ ವಕ್ರತೆ ಎಂದು ಕೊಂಡಾಡಿದ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಶಾಕುಂತಲ. ಮಹಾಭಾರತದ ದುಷ್ಯಂತ ಎಲ್ಲ ನೆನಪಿದ್ದೂ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಅರಿಯೆನೆನ್ನುತ್ತಾನೆ. ಕಾಳಿದಾಸ ನಡುವೆ ದೂರ್ವಾಸನ ಶಾಪವನ್ನು ತಂದಿಟ್ಟ. ರಾಜನ ಸುಳ್ಳು ಮರೆವಾಯಿತು, ಅಪರಾಧ ವಿಧಿಯಾಯಿತು.

ವರ್ಷವರ್ಷವೂ ತರಗತಿಯಲ್ಲಿ ಇದನ್ನು ಹೇಳುವಾಗ ಶಾಪದ ಔಚಿತ್ಯವನ್ನು ನಾನು ಮನಸಾರೆ ಹೊಗಳುತ್ತೇನೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಹಾಗಾದರೆ ಸಾರ್, ರಾಜ ತಪ್ಪು ಮಾಡಿದ್ದನ್ನು ಮುಚ್ಚೋದಕ್ಕೆ ಒಬ್ಬ ಋಷಿಯನ್ನ ಕರೆತಂದರು, ಅಷ್ಟೇ ಅಲ್ಲವಾ?” ಎಂದಳು. ತರಗತಿ ನಕ್ಕಿತು. ಪ್ರಶ್ನೆ ನಗುವಂಥದ್ದಲ್ಲ. ಕಾಳಿದಾಸನ ಪರವಾಗಿ ನಾನು ಎರಡು ಮಾತು ಹೇಳಿದೆ, ಈಗಲೂ ಹೇಳುತ್ತೇನೆ. ಒಂದು, ಶಾಪದ ನೆಪ ಕೊಟ್ಟರೂ ಅವನು ದುಷ್ಯಂತನನ್ನು ಸುಮ್ಮನೆ ಬಿಡಲಿಲ್ಲ. ಆರನೆಯ ಅಂಕದ ಪಶ್ಚಾತ್ತಾಪದಲ್ಲಿ ಬೇಯಿಸಿದ. ಎರಡು, ಅವನ ಪ್ರೇಕ್ಷಕರಿಗೆ ಮಹಾಭಾರತ ಗೊತ್ತಿತ್ತು. ಮೂಲದ ದುಷ್ಯಂತ ಅವರ ಮನಸ್ಸಿನಲ್ಲಿ ನಿಂತೇ ಇದ್ದ. ಶಾಪ ಅವನನ್ನು ಅಳಿಸಲಿಲ್ಲ, ಅವನ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿತು.

ವೈಕಿಂಗ್ ಚಿತ್ರಗಳ ವಿಷಯದಲ್ಲಿ ಈ ಎರಡನೆಯ ಮಾತು ನಡೆಯುವುದಿಲ್ಲ. ನೋಡುವ ಹುಡುಗನಿಗೆ ಐರ್ಲೆಂಡಿನ ವೃತ್ತಾಂತಗಳು ಗೊತ್ತಿಲ್ಲ, ಸಂಕೋಲೆಗಳು ಗೊತ್ತಿಲ್ಲ, ಹಲವು ವೇಳೆ ಕಾದಂಬರಿಯೂ ಗೊತ್ತಿಲ್ಲ. ಅವನ ಪಾಲಿಗೆ ತೆರೆಯೇ ಮೂಲ. ಅಲ್ಲಿ ಇಟ್ಟ ಶಾಪ ಶಾಪವಾಗಿ ಕಾಣುವುದಿಲ್ಲ, ಚರಿತ್ರೆಯಾಗಿ ಕಾಣುತ್ತದೆ.

ಈ ಚಿತ್ರಗಳಲ್ಲಿ ದೂರ್ವಾಸರು ಬಗೆಬಗೆಯ ವೇಷದಲ್ಲಿ ಬರುತ್ತಾರೆ. ಎಲ್ಲಕ್ಕಿಂತ ಹಳೆಯ ವೇಷ, ಗುಲಾಮನು ಗುಟ್ಟಿನಲ್ಲಿ ರಾಜಕುಮಾರನಾಗಿರುವುದು. 1958ರಲ್ಲಿ ರಿಚರ್ಡ್ ಫ್ಲೈಷರ್ ನಿರ್ದೇಶಿಸಿದ ‘ದಿ ವೈಕಿಂಗ್ಸ್’ ಚಿತ್ರ ಎಡಿಸನ್ ಮಾರ್ಷಲ್‌ನ ಕಾದಂಬರಿಯನ್ನು ಆಧರಿಸಿದ್ದು. ಕರ್ಕ್ ಡಗ್ಲಸ್ ನೀರಿನ ಮೇಲೆ ಚಾಚಿದ ಹುಟ್ಟುಗಳ ಮೇಲೆ ಒಂದರಿಂದೊಂದಕ್ಕೆ ಹಾರುತ್ತ ಓಡುವ ದೃಶ್ಯವನ್ನು ಒಮ್ಮೆ ಕಂಡವರು ಮರೆಯರು, ನಾನೂ ಮರೆತಿಲ್ಲ. ಆ ಚಿತ್ರದಲ್ಲಿ ಟೋನಿ ಕರ್ಟಿಸ್ ವಹಿಸಿದ ಗುಲಾಮನ ಪಾತ್ರವಿದೆ. ಅವನ ಕಷ್ಟಕ್ಕೆ ನಾವು ಮರುಗುತ್ತೇವೆ, ಅಷ್ಟರಲ್ಲಿ ಅವನು ವೈಕಿಂಗ್ ದೊರೆಗೆ ಇಂಗ್ಲಿಷ್ ರಾಣಿಯಲ್ಲಿ ಹುಟ್ಟಿದ ಮಗನೆಂದು ತಿಳಿಯುತ್ತದೆ. ಅಲ್ಲಿಗೆ ಗುಲಾಮಗಿರಿಯ ಅನ್ಯಾಯ ಕರಗಿಹೋಗಿ, ರಾಜಪುತ್ರನಿಗೆ ಆದ ಅನ್ಯಾಯವಷ್ಟೇ ಉಳಿಯುತ್ತದೆ. ಅವನ ಪಕ್ಕದಲ್ಲಿ ದುಡಿಯುತ್ತಿದ್ದ, ಯಾವ ರಾಣಿಗೂ ಹುಟ್ಟದ ಗುಲಾಮನ ಗತಿ ಏನು? ಕೇಳುವವರಿಲ್ಲ. ‘ದಿ ನಾರ್ತ್‌ಮನ್’ನಲ್ಲಿಯೂ ನಾಯಕ ಗುಲಾಮನ ವೇಷ ತೊಟ್ಟ ರಾಜಕುಮಾರನೇ.

ಈ ವೇಷವನ್ನು ಹಾಲಿವುಡ್ಡು ಕಂಡುಹಿಡಿಯಲಿಲ್ಲ ಎಂದೂ ಹೇಳಬೇಕು. ಐಸ್‌ಲೆಂಡಿನ ಹದಿಮೂರನೆಯ ಶತಮಾನದ ಲಾಕ್ಸ್‌ಡೇಲ ಸಾಗಾದಲ್ಲಿ ಹೋಸ್ಕುಲ್ಡ್ ಎಂಬ ಗೃಹಸ್ಥ ವ್ಯಾಪಾರಿಯೊಬ್ಬನ ಡೇರೆಯಲ್ಲಿ ಒಬ್ಬ ತೊತ್ತನ್ನು ಮೂರು ಮಾರ್ಕ್ ಬೆಳ್ಳಿಗೆ ಕೊಳ್ಳುತ್ತಾನೆ. ಉಳಿದವರಿಗಿಂತ ಮೂರು ಪಟ್ಟು ಬೆಲೆ; ಮೇಲಾಗಿ ಅವಳು ಮೂಗಿ ಎಂದು ವ್ಯಾಪಾರಿ ಮೊದಲೇ ಹೇಳಿದ್ದಾನೆ. ಅವಳನ್ನು ಮನೆಗೆ ತರುತ್ತಾನೆ, ಅವಳಿಗೊಂದು ಮಗುವಾಗುತ್ತದೆ. ಒಂದು ಬೆಳಗ್ಗೆ ತೊರೆಯ ದಡದಲ್ಲಿ ಯಾರೋ ಮಾತಾಡುವುದು ಕೇಳಿ ಹೋಗಿ ನೋಡಿದರೆ, ಆ ಮೂಗಿ ತನ್ನ ಪುಟ್ಟ ಮಗನೊಡನೆ ಮಾತಾಡುತ್ತಿದ್ದಾಳೆ. ಅವಳ ಹೆಸರು ಮೆಲ್‌ಕೋರ್ಕಾ. ಐರ್ಲೆಂಡಿನ ದೊರೆಯೊಬ್ಬನ ಮಗಳು. ಲೋಕದ ಸಾಹಿತ್ಯದಲ್ಲಿ ಇಂಥ ದೃಶ್ಯ ಹೆಚ್ಚಿಲ್ಲ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದುದೇ ಅವಳ ಪಾಲಿಗೆ ಉಳಿದಿದ್ದ ಏಕೈಕ ಸ್ವಾತಂತ್ರ್ಯ. ಹಾಗಿದ್ದರೂ ಅವಳ ಹೆಸರು ನಮ್ಮವರೆಗೆ ಬಂದದ್ದು ರಾಜಕುಮಾರಿಯಾದದ್ದರಿಂದ, ಮಗ ದೊಡ್ಡವನಾದದ್ದರಿಂದ. ಅದೇ ಡೇರೆಯಲ್ಲಿ ಅವಳ ಸಾಲಿನಲ್ಲಿ ಇನ್ನೂ ಹನ್ನೊಂದು ಹೆಂಗಸರು ಕುಳಿತಿದ್ದರು. ಅವರ ಹೆಸರನ್ನು ಸಾಗಾ ಹೇಳುವುದಿಲ್ಲ. ನನಗೆ ಅವರದೇ ಚಿಂತೆ.

ಎರಡನೆಯ ವೇಷ, ‘ಒಬ್ಬ ಒಳ್ಳೆಯ ವೈಕಿಂಗ್’. ಊರಿಗೆ ಊರೇ ದಾಳಿ ಮಾಡುತ್ತದೆ, ಅವನೊಬ್ಬ ಮನಸ್ಸಿಲ್ಲದ ಮನಸ್ಸಿನಿಂದ ಹೋಗುತ್ತಾನೆ, ಮಗುವನ್ನು ಕೊಲ್ಲಬೇಡಿರೆನ್ನುತ್ತಾನೆ. ಮನುಷ್ಯರನ್ನು ಮಾರುವ ಕೆಲಸಕ್ಕೆ ಬೇರೊಬ್ಬ ವಿಕಾರ ಮುಖದವನನ್ನು ನೇಮಿಸಿರುತ್ತಾರೆ. ಇದು ಅತ್ಯಂತ ಸುಲಭವಾದ ಶಾಪವಿಮೋಚನೆ. ಇದರ ಬಗ್ಗೆ ಹೆಚ್ಚು ಬರೆಯುವುದೂ ವ್ಯರ್ಥ. ಒಳ್ಳೆಯ ಮನುಷ್ಯರು, ನಗುನಗುತ್ತ ಮಕ್ಕಳನ್ನು ತೊಡೆಯ ಮೇಲೆ ಆಡಿಸುವವರು, ಗೆಳೆಯನಿಗಾಗಿ ಪ್ರಾಣ ಕೊಡುವವರು, ಹೊತ್ತುಹುಟ್ಟಿದರೆ ಈ ವ್ಯಾಪಾರ ಮಾಡುತ್ತಿದ್ದರು ಎಂಬುದೇ ಆ ಯುಗದ ಭಯಂಕರವಾದ ಸಂಗತಿ. ಪಾಪವನ್ನು ವಿಕಾರ ಮುಖದವನ ತಲೆಗೆ ಕಟ್ಟಿದರೆ ಹುಡುಗನಿಗೆ ನಾವು ಕಲಿಸುವುದು, ಪಾಪ ಮುಖದ ಮೇಲೆ ಬರೆದಿರುತ್ತದೆ ಎಂದು. ದೊಡ್ಡವನಾದ ಮೇಲೆ ಕನ್ನಡಿ ನೋಡಿಕೊಂಡಾಗ ಅವನಿಗೆ ಅದು ಕಾಣಿಸುವುದೇ ಇಲ್ಲ.

ಮೂರನೆಯದು ಇನ್ನೂ ಸೂಕ್ಷ್ಮ. ಅದಕ್ಕೆ ಸಟ್‌ಕ್ಲಿಫ್ ಅವರ ಇನ್ನೊಂದು ಕಾದಂಬರಿಯನ್ನು ನೋಡಬೇಕು. ಅದು ವೈಕಿಂಗರದಲ್ಲ, ರೋಮನ್ನರ ಬ್ರಿಟನ್ನಿನದು. ಆದರೆ ಒಡೆಯ ಮತ್ತು ಗುಲಾಮರ ಗಂಟು ಅದೇ. 1954ರ ‘ದಿ ಈಗಲ್ ಆಫ್ ದ ನೈನ್ತ್’ನಲ್ಲಿ ಮಾರ್ಕಸ್ ಎಂಬ ತರುಣ ರೋಮನ್, ಎಸ್ಕಾ ಎಂಬ ಬ್ರಿಟನ್ ಗುಲಾಮನೊಡನೆ ಉತ್ತರದ ಅಪಾಯದ ನಾಡಿಗೆ ಹೊರಡಬೇಕಾಗಿದೆ. ಹೊರಡುವ ಮುನ್ನ ಅವನು ಎಸ್ಕಾನಿಗೆ ಬಿಡುಗಡೆಯ ಪತ್ರ ಕೊಡುತ್ತಾನೆ. ಒಲ್ಲೆನೆನ್ನಲು ಸ್ವಾತಂತ್ರ್ಯವಿಲ್ಲದವನನ್ನು ಬರುತ್ತೀಯಾ ಎಂದು ಕೇಳುವುದೇ ತಪ್ಪು ಎಂದು ಅವನಿಗೆ ಹೊಳೆದಿದೆ. ಮಕ್ಕಳ ಪುಸ್ತಕದಲ್ಲಿ ಇಷ್ಟು ದೊಡ್ಡ ವಿಚಾರ ಇಷ್ಟು ಸದ್ದಿಲ್ಲದೆ ಬರುವುದು ಅಪರೂಪ. 2011ರಲ್ಲಿ ಕೆವಿನ್ ಮ್ಯಾಕ್‌ಡೊನಾಲ್ಡ್ ಇದನ್ನು ‘ದಿ ಈಗಲ್’ ಎಂಬ ಚಿತ್ರ ಮಾಡಿದರು. ಅದರಲ್ಲಿ ಎಸ್ಕಾ ಗುಲಾಮನಾಗಿಯೇ ಉತ್ತರಕ್ಕೆ ಹೋಗುತ್ತಾನೆ. ಬಿಡುಗಡೆ ಸಿಗುವುದು ಕಥೆ ಮುಗಿಯುವ ಹೊತ್ತಿಗೆ, ಮಾರ್ಕಸ್ ಗಾಯಗೊಂಡು ಮುಂದೆ ನಡೆಯಲಾರದೆ ಬಿದ್ದಾಗ. ನಡುವೆ ಉತ್ತರದವರ ಕೈಗೆ ಸಿಕ್ಕಾಗ ಎಸ್ಕಾ ಒಡೆಯನಂತೆಯೂ ಮಾರ್ಕಸ್ ಅವನ ಗುಲಾಮನಂತೆಯೂ ನಟಿಸಬೇಕಾಗುತ್ತದೆ.

ನ್ಯಾಯವಾಗಿ ಹೇಳುವುದಾದರೆ ಚಿತ್ರದವರಿಗೆ ಇದರಿಂದ ಲಾಭವಾಗಿದೆ. ಎಸ್ಕಾ ಕೈಕೊಡುತ್ತಾನೋ ಏನೋ ಎಂಬ ಸಂಶಯ ನೋಡುವವನ ಎದೆಯಲ್ಲಿ ಮಿಡಿಯುತ್ತದೆ. ಒಡೆಯನಾಗಿದ್ದವನು ಒಂದೆರಡು ದಿನ ಹಗ್ಗದ ರುಚಿ ನೋಡುವುದೂ ಬೆಲೆಯುಳ್ಳ ದೃಶ್ಯವೇ. ಆದರೆ ಕಳೆದದ್ದೇನು? ಕಾದಂಬರಿಯಲ್ಲಿ ಬಿಡುಗಡೆ ಒಂದು ಕರ್ತವ್ಯ. ಮಾಡಬೇಕಾದ್ದನ್ನು, ಮಾಡಿದರೆ ನಷ್ಟವಾಗಬಹುದಾದ ಹೊತ್ತಿನಲ್ಲಿ ಮಾರ್ಕಸ್ ಮಾಡಿದ. ಚಿತ್ರದಲ್ಲಿ ಅದು ಒಂದು ಬಹುಮಾನ. ನಿಷ್ಠೆಯನ್ನು ಪರೀಕ್ಷೆ ಮಾಡಿ ನೋಡಿ ಕೊಟ್ಟದ್ದು. ಗುಲಾಮ ತಾನು ಯೋಗ್ಯನೆಂದು ತೋರಿಸಿದ ಮೇಲೆ ಮನುಷ್ಯನಾದ. ಒಂದು ದೃಶ್ಯವನ್ನು ಹಿಂದಿನಿಂದ ಮುಂದಕ್ಕೆ ಸರಿಸಿದ್ದಷ್ಟೇ. ಒಂದು ಮಾತನ್ನೂ ಸುಳ್ಳು ಮಾಡಿಲ್ಲ. ಆದರೂ ನ್ಯಾಯದ ತಕ್ಕಡಿ ತಲೆಕೆಳಗಾಗಿದೆ. ರೂಪಾಂತರದ ಪಾಪಗಳು ಹೆಚ್ಚಾಗಿ ಹೀಗೆ ಜಾಗ ಬದಲಿಸುವುದರಲ್ಲೇ ಆಗುತ್ತವೆ.

ಜಾಗದ ಮಾತು ಬಂದುದರಿಂದ ಕ್ಯಾಮೆರಾದ ಜಾಗವನ್ನೂ ಹೇಳಿಬಿಡುತ್ತೇನೆ. ಒಂದು ದಾಳಿಯ ದೃಶ್ಯ ತೆಗೆಯಬೇಕು. ಕ್ಯಾಮೆರಾ ಹಡಗಿನಲ್ಲಿರಬೇಕೋ, ದಡದಲ್ಲಿರಬೇಕೋ? ಹಡಗಿನಲ್ಲಿದ್ದರೆ ಅಲೆ ಸಿಡಿಯುತ್ತದೆ, ಹುಟ್ಟುಗಳು ಒಟ್ಟಿಗೆ ಏಳುತ್ತವೆ, ದೂರದ ದಡ ಹತ್ತಿರವಾಗುತ್ತ ಬರುತ್ತದೆ, ಅದು ಸಾಹಸ. ದಡದಲ್ಲಿದ್ದರೆ ಕಡಲ ಮೇಲೆ ಒಂದು ಚುಕ್ಕೆ, ಚುಕ್ಕೆ ಹಾಯಿಯಾಗುತ್ತದೆ, ಹಾಯಿಯ ಕೆಳಗೆ ಜನ ಕಾಣುತ್ತಾರೆ, ಓಡಲು ಇನ್ನು ಹೊತ್ತಿಲ್ಲ, ಅದು ಮರಣ. ಹಡಗು ಅದೇ, ಕಡಲು ಅದೇ, ಬೆಳಕೂ ಅದೇ. ಸಟ್‌ಕ್ಲಿಫ್ ಅವರ ‘ನಾನು’ ದಡದಲ್ಲಿದ್ದ ಹುಡುಗ. ಮುಂದೆ ಅವನು ಆ ಹಡಗಿನವರ ಜೊತೆಯೇ ಬಾಳಿ ಅವರನ್ನು ಪ್ರೀತಿಸಿದರೂ ಮೊದಲು ಕಂಡದ್ದು ದಡದಿಂದ. ಹಡಗಿನಿಂದ ಕಥೆ ಆರಂಭಿಸುವ ನಿರ್ದೇಶಕ ಮೊದಲನೆಯ ನಿಮಿಷದಲ್ಲೇ ಕಾದಂಬರಿಯ ತೀರ್ಪನ್ನು ತಿದ್ದಿದಂತೆ, ಮುಂದಿನದೆಲ್ಲವನ್ನೂ ಅಕ್ಷರಶಃ ಅನುಸರಿಸಿದರೂ.

ಒಳ್ಳೆಯ ಚಿತ್ರವನ್ನು ನಾವು ಮನಸೂರೆಗೊಳ್ಳುವ ಚಿತ್ರ ಎನ್ನುತ್ತೇವೆ. ಸೂರೆ ಎಂದರೆ ಲೂಟಿ. ಇಂಗ್ಲಿಷಿನವರು ಇದಕ್ಕೆ ಹೇಳುವ ‘ಎನ್‌ಥ್ರಾಲ್’ ಎಂಬ ಕ್ರಿಯಾಪದದ ಹೊಟ್ಟೆಯಲ್ಲಿ ‘ಥ್ರಾಲ್’ ಇದ್ದಾನೆ; ಅದು ಉತ್ತರದವರ ಭಾಷೆಯಿಂದ ಹೋದ ಮಾತು, ಅರ್ಥ ಗುಲಾಮ. ಎರಡು ನುಡಿಗಳು ಒಂದನ್ನೊಂದು ಕೇಳದೆ ಒಂದೇ ಅನುಭವವನ್ನು ಗುರುತಿಸಿವೆ: ಚೆಲುವಿನ ಎದುರು ನಾವು ನಮ್ಮ ವಶದಲ್ಲಿರುವುದಿಲ್ಲ. ಪುಸ್ತಕ ಓದುವವನು ನಡುವೆ ಬೆರಳಿಟ್ಟು ಮುಚ್ಚಿ, ತಲೆಯೆತ್ತಿ ಯೋಚಿಸಬಹುದು. ತೆರೆಯ ಎದುರು ಕುಳಿತವನನ್ನು ಹೊತ್ತೊಯ್ಯುತ್ತಾರೆ. ಈಗ ಯಂತ್ರದಲ್ಲಿ ನಿಲ್ಲಿಸುವ ಗುಂಡಿ ಇದೆ ನಿಜ. ಆದರೆ ಹಡಗು ದಡಕ್ಕೆ ನುಗ್ಗುವಾಗ ಅದನ್ನು ಒತ್ತುವ ಹುಡುಗನನ್ನು ನಾನು ಕಂಡಿಲ್ಲ. ಆದ್ದರಿಂದ ಹೊತ್ತೊಯ್ಯುವವನ ಹೊಣೆ ದೊಡ್ಡದು.

ಹೀಗೆಂದಾಗ ನಮ್ಮ ಕಾಲೇಜಿನ ಗಣಿತದ ಮಿತ್ರರೊಬ್ಬರು, “ಮಕ್ಕಳು ಹಡಗು ನೋಡಿ ಸಂತೋಷಪಡಲಿ ಬಿಡಿ ಮೇಷ್ಟ್ರೇ. ಸಂತೆಯ ಲೆಕ್ಕ ದೊಡ್ಡವರಾದ ಮೇಲೆ ತಾವೇ ಓದಿಕೊಳ್ಳುತ್ತಾರೆ. ಹನ್ನೆರಡು ವರ್ಷದ ಮಗುವಿಗೆ ಕೊಲೆ, ಸೂರೆ, ಹೆಂಗಸರ ಮಾರಾಟ ತೋರಿಸಬೇಕೆನ್ನುತ್ತೀರಾ?” ಎಂದರು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಅವರಿಗೆ ಇಬ್ಬರು ಮಕ್ಕಳು. ಅವರು ಹೇಳಿದ್ದು ತಂದೆಯ ಮಾತು. ಎಲ್ಲವನ್ನೂ ತೋರಿಸುವುದೇ ಸತ್ಯ ಎನ್ನುವ ಈಗಿನ ಒಂದು ಪಂಥ ನನಗೂ ರುಚಿಸದು. ‘ದಿ ನಾರ್ತ್‌ಮನ್’ನಲ್ಲಿ ಹಳ್ಳಿಯೊಂದರ ಜನರನ್ನು ಮನೆಯೊಳಗೆ ಕೂಡಿ ಬೆಂಕಿ ಇಡುತ್ತಾರೆ; ನಾಯಕ ತಡೆಯುವುದಿಲ್ಲ. ಅದು ಸುಳ್ಳಲ್ಲ, ದೊಡ್ಡವರಿಗೆ ಮಾಡಿದ ಚಿತ್ರದಲ್ಲಿ ಸಲ್ಲುತ್ತದೆ. ಆದರೆ ರಕ್ತ ಹೆಚ್ಚಾದಷ್ಟೂ ನಿಜ ಹೆಚ್ಚು ಎಂಬ ಲೆಕ್ಕ ತಪ್ಪು. ರಕ್ತವೂ ಒಂದು ಅಲಂಕಾರವಾಗಬಲ್ಲುದು. ಅದನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗುತ್ತದೆ.

ನನ್ನ ಮಿತ್ರರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕಿದರು. ತೋರಿಸದಿರುವುದು ಬೇರೆ, ಇಲ್ಲವೆನ್ನುವುದು ಬೇರೆ. ಮೊದಲನೆಯದು ಮಗುವಿನ ಕಣ್ಣಿಗೆ ಕೊಡುವ ಮರ್ಯಾದೆ. ಎರಡನೆಯದು ಅದರ ಬುದ್ಧಿಗೆ ಮಾಡುವ ಮೋಸ, ಜೊತೆಗೆ ಸತ್ತವರಿಗೆ ಮಾಡುವ ಮೋಸವೂ ಹೌದು. ಸತ್ತವರಿಗೆ ನಾವು ಏನು ಬಾಕಿ ಎಂದು ಕೇಳ ಬಹುದು. ಸಾವಿರ ವರ್ಷದ ಹಿಂದೆ ಮಾರಾಟವಾದ ಹುಡುಗಿಗೆ ಇವತ್ತಿನ ಚಿತ್ರದಿಂದ ಆಗಬೇಕಾದ್ದೇನೂ ಇಲ್ಲ, ಅದು ಸರಿಯೆ. ಆದರೆ ಅವಳ ಕಥೆಯಿಂದ ಹಣ ಮಾಡಿಕೊಳ್ಳುವವನು ಅವಳೇ ಇರಲಿಲ್ಲವೆಂದರೆ ಅವಳು ಎರಡನೆಯ ಸಲ ಮಾರಾಟವಾದಂತೆ.

ತೋರಿಸದೆಯೂ ಹೇಳುವ ದಾರಿ ತೆರೆಗೆ ಇಲ್ಲದಿಲ್ಲ. ಡಬ್ಲಿನ್ನಿನಲ್ಲಿ ನಾಣ್ಯ ಟಂಕಿಸಲು ಆರಂಭವಾದದ್ದು ಸುಮಾರು 997ರಲ್ಲಿ. ಜೆಸ್ಟಿನ್ನನ ಕಥೆ ಅದಕ್ಕೆ ಹತ್ತು ಹನ್ನೆರಡು ವರ್ಷ ಹಿಂದಿನದು. ಆ ಕಾಲದ ವ್ಯಾಪಾರಿಗಳು ಮಡಿಸಿ ಜೇಬಿಗಿಡಬಹುದಾದ ಪುಟ್ಟ ತಕ್ಕಡಿಗಳನ್ನು ಒಯ್ಯುತ್ತಿದ್ದರು. ಬೆಳ್ಳಿಯ ಬಳೆ, ಸರಿಗೆಗಳನ್ನು ಕಡಿದು ತುಂಡು ಮಾಡಿ ತೂಗಿ ಕೊಡುತ್ತಿದ್ದರು. ಇಂಥ ಒಂದು ತಕ್ಕಡಿ ಸಾಕು. ತಟ್ಟೆಯಲ್ಲಿ ಬೆಳ್ಳಿಯ ತುಂಡುಗಳು ಬೀಳುತ್ತವೆ. ಸಾಲದು ಎಂದು ವ್ಯಾಪಾರಿ ತಲೆಯಾಡಿಸುತ್ತಾನೆ. ಕೊಳ್ಳುವವನು ನಗುತ್ತ ಇನ್ನೊಂದು ಚೂರು ಹಾಕುತ್ತಾನೆ. ಹುಡುಗನೊಬ್ಬ ನಿಂತು ಮುಳ್ಳನ್ನು ನೋಡುತ್ತಿದ್ದಾನೆ. ಏಟಿಲ್ಲ, ರಕ್ತವಿಲ್ಲ. ಕೊಳ್ಳುವವನ ನಗು ನಿಜವಾಗಿಯೂ ಒಳ್ಳೆಯ ನಗು. ಮುಂದೆ ಅವನನ್ನು ನಾವು ಪ್ರೀತಿಸಲಿದ್ದೇವೆ. ಹತ್ತು ವರ್ಷದ ಮಗುವೂ ಇದನ್ನು ನೋಡಬಹುದು, ಎಪ್ಪತ್ತರ ಮುದುಕನಿಗೂ ಇದು ಹಗುರವಲ್ಲ. ಮಕ್ಕಳಿಗೆ ಲೆಕ್ಕ ಬೇಡವೆನ್ನುವವರು ಮಕ್ಕಳನ್ನು ಬಲ್ಲವರಲ್ಲ. ಕಥೆ ಕೇಳುವ ಮಗು ಮೊದಲು ಕೇಳುವುದೇ, “ಅವನು ಮಾಡಿದ್ದು ಸರೀನಾ?” ಎಂದು.

ಕೊನೆಯದಾಗಿ ‘ನೆತ್ತರ ಹಗೆ’ಯ ಮುಕ್ತಾಯದ ಮಾತು. ಥಾರ್ಮಾಡ್ ಸತ್ತ ಮೇಲೆ ಹಗೆ ತೀರಿಸುವ ಭಾರ ಜೆಸ್ಟಿನ್ನನ ಮೇಲೆ ಬೀಳುತ್ತದೆ. ಅವನು ಕಾಲಿಗೆ ಪೆಟ್ಟು ಬಿದ್ದು ಸೈನ್ಯ ಬಿಟ್ಟು, ವೈದ್ಯ ಕಲಿತಿದ್ದಾನೆ. ಆಗ ಹಗೆಯ ಮನುಷ್ಯನೇ ಅವನ ಬಾಗಿಲಿಗೆ ಬರುತ್ತಾನೆ, ಆದರೆ ಹೋರಾಡುವ ಸ್ಥಿತಿಯಲ್ಲಲ್ಲ, ರೋಗಿಯಾಗಿ. ಕೊಲ್ಲಬೇಕಾದವನು ಆರೈಕೆ ಮಾಡುತ್ತಾನೆ. ಇಡೀ ಕಾದಂಬರಿ ಈ ಕೋಣೆಗೆ ಬಂದು ಸೇರಲೆಂದೇ ಯೂರೋಪನ್ನು ದಾಟಿ ಬಂದಿದೆ.

ತೆರೆಯವನಿಗೆ ಇಲ್ಲಿ ಬರುವ ಆಸೆಯನ್ನು ನಾನು ಬಲ್ಲೆ. ಎರಡು ಗಂಟೆ ಕಾದ ಪ್ರೇಕ್ಷಕನಿಗೆ ಕತ್ತಿಗೆ ಕತ್ತಿ ತಾಗುವ ಸದ್ದು ಬೇಕು. ಬಂಡೆಯ ಅಂಚಿನಲ್ಲಿ ಒಬ್ಬ ಜಾರಿ ಬೀಳಬೇಕು, ಅವನಾಗಿಯೇ ಬಿದ್ದರೆ ಇನ್ನೂ ಒಳ್ಳೆಯದು, ನಾಯಕನ ಕೈಗೆ ನೆತ್ತರು ಅಂಟುವುದಿಲ್ಲ. ಇದು ನಾಲ್ಕನೆಯ ದೂರ್ವಾಸ. ಸಟ್‌ಕ್ಲಿಫ್ ಕೊಟ್ಟಿರುವುದು ಇದಾವುದೂ ಅಲ್ಲ. ಒಂದು ಕೋಣೆ, ಉಸಿರಿಗಾಗಿ ಒದ್ದಾಡುವ ಒಬ್ಬ ಮನುಷ್ಯ, ಅವನನ್ನು ಕೊಲ್ಲುವೆನೆಂದು ಆಣೆ ಇಟ್ಟ ಇನ್ನೊಬ್ಬ. ಆಣೆ ಸುಳ್ಳಾಗಿಲ್ಲ, ಗೆಳೆಯನ ಮೇಲಿನ ಪ್ರೀತಿ ಆರಿಲ್ಲ, ಎದುರಿಗಿದ್ದವನು ಮಾಡಿದ್ದನ್ನು ಯಾರೂ ಮರೆತಿಲ್ಲ. ಇಲ್ಲಿ ಯಾವ ಶಾಪವೂ ಯಾರ ಲೆಕ್ಕವನ್ನೂ ತಿದ್ದಿಲ್ಲ. ಇದನ್ನು ತೆಗೆಯಲು ನಿರ್ದೇಶಕನಿಗೆ ಬೇಕಾಗುವುದು ಬಹಳ ಕಡಿಮೆ: ಒಂದು ದೀಪ, ನೀರಿನ ಬೋಗುಣಿ, ಹಿಂಡಿದ ಬಟ್ಟೆ, ಮತ್ತು ನಡುಗದೆ ಕೆಲಸ ಮಾಡುವ ಎರಡು ಕೈಗಳನ್ನು ಅವಸರವಿಲ್ಲದೆ ನೋಡುತ್ತ ನಿಲ್ಲುವಷ್ಟು ಹೊತ್ತು.